ಸೋಮವಾರದ ದುರ್ಬೀನು

ಶವಸಂಸ್ಕಾರ ಶನಿವಾರ ಮುಗಿಯಿತು. ಭಾನುವಾರ ನೆಂಟರೆಲ್ಲ ಹೊರಟುಹೋದರು. ಸೋಮವಾರ ಬೆಳಿಗ್ಗೆ ಕಸದ ಲಾರಿ ಎಂದಿನಂತೆ ಬಂದು, ಎಂದಿನಂತೆ ಕಸದ ಡಬ್ಬಿಯನ್ನು ರಸ್ತೆಗೆ ಅಡ್ಡ ಕೆಡವಿ ಹೋಯಿತು.

ಸೈಮಿ ಹೊರಗೆ ಹೋಗಿ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿದಳು. ಒಳಗೆ ಬಂದು ಬ್ರೆಡ್ಡಿನ ಕೇಕು ತಿನ್ನಲು ಕೂತಳು. ಹಾಪವಾರ ಎಂಬ ಆ ಊರಲ್ಲಿ ಯಾರು ಸತ್ತರೂ ಅಕ್ಕಪಕ್ಕದವರು ಬ್ರೆಡ್ಡಿನ ಕೇಕು ಮಾಡಿ ತರುತ್ತಾರೆ. ಪದರ ಪದರವಾಗಿ ಬ್ರೆಡ್ಡು, ನಡುವೆ ಹೊಗೆಯಲ್ಲಿ ಬೇಯಿಸಿದ ಮೀನು, ಮೇಲೆ ಸೌತೆಕಾಯಿಯ ಹೂವು. ಅವಳ ಗಂಡ ಕಾರ್ಲೊ ಊರಿಗೆಲ್ಲ ಬೇಕಾದವನಾಗಿದ್ದ. ಹಾಗಾಗಿ ಕೇಕುಗಳೂ ಹೆಚ್ಚೇ ಬಂದಿದ್ದವು. ಫ್ರಿಜ್ಜಿನ ಬಾಗಿಲು ಮುಚ್ಚುತ್ತಿರಲಿಲ್ಲ. ಅದಕ್ಕೆ ಕುರ್ಚಿಯೊಂದನ್ನು ಒತ್ತು ಕೊಟ್ಟಿದ್ದಳು.

ಆಗ ಉರ್ಹೊ ಬಂದ. ಉರ್ಹೊ ಊರಿನ ಷಿಕಾರಿ ತಂಡದ ಯಜಮಾನ. ವಯಸ್ಸು ಎಪ್ಪತ್ತು ದಾಟಿದ್ದರೂ ದನಿ ಮಾತ್ರ ಕಾಡಿನಾಚೆಗಿರುವ ನಾಯಿಯನ್ನು ಕರೆಯುವಂಥದ್ದು. ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತ.

"ಮಂಜು ಬಿದ್ದಿದೆ."

"ಹೂಂ."

"ಶನಿವಾರದ ಹೊತ್ತಿಗೆ ನೆಲ ಗಟ್ಟಿಯಾಗುತ್ತೆ."

"ಆಗಬಹುದು."

ಶನಿವಾರ ಎಲ್ಕ್ ಕಡವೆಯ ಬೇಟೆ ಶುರು. ವರ್ಷಕ್ಕೊಮ್ಮೆ ಊರಿಗೆ ಊರೇ ಕಾಡಿಗೆ ಹೋಗುವ ದಿನ. ಅರ್ಧ ಜನ ನಾಯಿಗಳ ಜೊತೆ ಪೊದೆಗಳಿಗೆ ನುಗ್ಗಿ ಕಡವೆಯನ್ನು ಎಬ್ಬಿಸುತ್ತಾರೆ. ಉಳಿದವರು ತಮ್ಮ ತಮ್ಮ ಜಾಗದಲ್ಲಿ ಕೋವಿ ಹಿಡಿದು ಕಾಯುತ್ತಾರೆ. ಆ ಜಾಗಗಳಲ್ಲೆಲ್ಲ ಒಳ್ಳೆಯದು ಸರೋವರ ಇಕ್ಕಟ್ಟಾಗುವ ಕಡೆ ಇರುವ ಬೋಳು ಬಂಡೆ. ಕಾರ್ಲೊನ ಅಜ್ಜ ಅಲ್ಲಿ ಕೂರುತ್ತಿದ್ದ. ಆಮೇಲೆ ಅದೇ ಅಜ್ಜನ ಕೋವಿ ಹಿಡಿದು ಕಾರ್ಲೊ ಕೂರುತ್ತಿದ್ದ.

"ಬಂಡೆ ವಿಷಯ," ಎಂದು ಉರ್ಹೊ ಟೋಪಿಯನ್ನು ಹಿಂಡಿದ. "ನೀನೇನೂ ತಲೆ ಕೆಡಿಸ್ಕೋಬೇಡ ಅಂತ ಹೇಳೋಕೆ ಬಂದೆ. ಈ ವರ್ಷ ನನ್ನ ಅಳಿಯ ಕೂತ್ಕೋತಾನೆ. ನಿನ್ನ ಗುರಿ ಪರೀಕ್ಷೆ ಅವಧಿ ಮುಗಿದಿದೆ, ಅಲ್ವಾ? ಅದು ಪಾಸಾಗದೆ ಕೋವಿ ಹಿಡಿದು ಕೂರೋ ಹಾಗಿಲ್ಲ. ಈ ವರ್ಷದ ಕೊನೇ ಪರೀಕ್ಷೆ ಇವತ್ತು ಮಧ್ಯಾಹ್ನ. ಇಂಥ ಹೊತ್ತಲ್ಲಿ ನಿಂಗ್ಯಾಕೆ ಅದೆಲ್ಲ."

ಕಾರ್ಲೊ ಸತ್ತು ಮೂರು ವಾರವಾಗಿತ್ತು; ಆ ಊರಲ್ಲಿ ಮಣ್ಣು ಮಾಡಲು ಅಷ್ಟು ದಿನ ಹಿಡಿಯುತ್ತದೆ. ಅಂದಿನಿಂದ ಸೈಮಿ ಎಲ್ಲದಕ್ಕೂ "ಆಯ್ತು" ಅನ್ನುತ್ತಾ ಬಂದಿದ್ದಳು. ಶವಪೆಟ್ಟಿಗೆ ಬಿಳಿ ಇರಲಿ ಅಂದರೆ ಆಯ್ತು, ಹಾಡು ಇದಿರಲಿ ಅಂದರೆ ಆಯ್ತು. ಈಗಲೂ ಬಾಯಿ ತೆರೆದದ್ದು ಅದನ್ನೇ ಹೇಳಲು. ಬಂದದ್ದು ಬೇರೆ.

"ಇಲ್ಲ. ನಾನೇ ಕೂರ್ತೀನಿ."

ಹೇಳಿದವಳಿಗೂ ಕೇಳಿದವನಿಗೂ ಒಟ್ಟಿಗೇ ಆಶ್ಚರ್ಯವಾಯಿತು.

ಇಷ್ಟು ವರ್ಷ ಅವಳು ನಾಯಿಗಳ ಜೊತೆ ಹೋಗುವವಳಾಗಿದ್ದಳು. ಬಂಡೆಯ ಮೇಲೆ ಒಮ್ಮೆಯೂ ಕೂತಿರಲಿಲ್ಲ. ಅಲ್ಲಿ ಇಡೀ ದಿನ ಏನು ನೋಡುತ್ತೀಯ ಎಂದು ಒಂದು ಸಲ ಕಾರ್ಲೊನನ್ನು ಕೇಳಿದ್ದಳು. "ನೀರು," ಅಂದಿದ್ದ. ಆ ನೀರನ್ನು ಒಂದು ದಿನ ಅವನು ಕೂತಲ್ಲೇ ಕೂತು ನೋಡಬೇಕು, ಅಷ್ಟೆ. ಈ ಆಸೆಯಾದರೂ ತನಗಿದೆಯೆಂದು ಅವಳಿಗೆ ಗೊತ್ತಾದದ್ದು ಈಗಲೇ.

"ಕೋವಿ ಮೇಲಿರೋ ದುರ್ಬೀನು ನೋಡಿದೀಯಾ?" ಎಂದ ಉರ್ಹೊ. "ಅಜ್ಜನ ಕಾಲದ್ದು. ಅದರಲ್ಲಿ ಕಾರ್ಲೊ ಒಬ್ಬನಿಗೇ ಕಾಣ್ತಿದ್ದಿದ್ದು. ನೀನು ಕಾಲೇಜಲ್ಲಿ ಪಾಚಿ ಓದಿದವಳು. ಪಾಚಿ ನೋಡೋಕೆ ಭೂತಗನ್ನಡಿ ಸಾಕು. ಕಡವೆ ಪಾಚಿ ಥರ ಕೂತಿರಲ್ಲ."

"ಹೊಸ ದುರ್ಬೀನು ಹಾಕಿಸ್ತೀನಿ."

ಉರ್ಹೊ ಟೋಪಿ ಹಾಕಿಕೊಂಡು ಹೋದ. ಅಂಗಳದಲ್ಲೇ ಫೋನು ತೆಗೆದು ಯಾರಿಗೋ ಕಿರುಚುವುದು ಕೇಳಿಸಿತು: "ಸೈಮಿ ದುರ್ಬೀನು ಹುಡುಕ್ತಿದಾಳಂತೆ!"

ಸೈಮಿ ಕೋವಿಯ ಬೀರು ತೆರೆದಳು. ಆ ಕೋವಿಗೆ ಅವಳ ಹೆಸರಲ್ಲೂ ಪರವಾನಗಿ ಇತ್ತು. ಹಳೆಯ ದುರ್ಬೀನಿಗೆ ಕಣ್ಣಿಟ್ಟು ಕಿಟಕಿಯಾಚೆ ನೋಡಿದಳು. ಗಾಜಿನೊಳಗೆ ಹಬೆ ಕೂತಿತ್ತು, ಹಾಲಿನ ಲೋಟದ ತಳದಿಂದ ನೋಡಿದ ಹಾಗೆ. ಬರ್ಚ್ ಮರವೋ ಕರೆಂಟು ಕಂಬವೋ ಒಂದೂ ತಿಳಿಯಲಿಲ್ಲ.

ಕೋವಿಯನ್ನು ವಾಪಸ್ಸಿಡುವಾಗ ಬೀರುವಿನ ಮೂಲೆಯಲ್ಲಿ ಏನೋ ಕೈಗೆ ತಾಗಿತು. ದಪ್ಪ ಉಣ್ಣೆಯ ಕಾಲುಚೀಲ, ಬೂದುಬಣ್ಣದ್ದು. ಅಂಚಿಗೆ ಕೆಂಪು ಪಟ್ಟಿ. ಅದರೊಳಗೆ ಒಂದು ದುರ್ಬೀನು, ನುಣುಪಾಗಿ ಹೊಳೆಯುವ ಕಪ್ಪು. ಕಣ್ಣಿಟ್ಟಳು. ಸರೋವರದಾಚೆಯ ಜೊಂಡು ಒಂದೊಂದೇ ಕಡ್ಡಿಯಾಗಿ ಮೂಗಿನ ಮುಂದೆ ಬಂದು ನಿಂತಿತು.

ಹಾಗಾದರೆ ಕಾರ್ಲೊ ಹೊಸದನ್ನು ಆರಿಸಿಟ್ಟಿದ್ದ. ಹಾಕಿಸಲು ದಿನ ಸಿಗಲಿಲ್ಲ. ಸೈಮಿ ಅದನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆಯೇ ಕೂತಳು.

ಅಲ್ಲಿ ಕೂತಿದ್ದಾಗಲೇ ಪಕ್ಕದ ಮನೆಯ ರೌಹಾ ತನ್ನ ಕೇಕಿನ ತಟ್ಟೆ ಒಯ್ಯಲು ಬಂದಳು. ಬಂದವಳ ಕಣ್ಣು ಮೊದಲು ಬಿದ್ದದ್ದು ದುರ್ಬೀನಿನ ಮೇಲಲ್ಲ.

"ಈ ಕಾಲುಚೀಲ ಯಾರದ್ದು?"

"ಕಾರ್ಲೊದಿರಬೇಕು."

ರೌಹಾ ಅದನ್ನು ಒಳಗೆ ಹೊರಗೆ ಮಾಡಿ ನೋಡಿದಳು, ಡಾಕ್ಟರು ನಾಲಿಗೆ ನೋಡುವ ಹಾಗೆ. "ನೀನು ಹೆಣೆದಿದ್ದಾ?"

"ನಂಗೆ ಹೆಣೆಯೋಕೆ ಬರಲ್ಲ ರೌಹಾ, ನಿಮಗೆ ಗೊತ್ತಲ್ಲ."

"ನಿನ್ನತ್ತೆ ಹೆಣೆದಿದ್ದೂ ಅಲ್ಲ. ಅವಳು ಹಿಮ್ಮಡಿ ಚೌಕ ತಿರುಗಿಸ್ತಾಳೆ. ಈ ದಡದಲ್ಲಿ ಎಲ್ಲರದೂ ಚೌಕ ಹಿಮ್ಮಡಿನೇ. ಇದು ದುಂಡು. ದುಂಡು ಹಿಮ್ಮಡಿ ಅಂದ್ರೆ ಕೆರೆಯಾಚೆದು." ಅಂಚಿನ ಕೆಂಪು ಪಟ್ಟಿಯನ್ನು ಬೆರಳಿನಿಂದ ಸವರಿದಳು. "ಆಚೆ ದಡದಲ್ಲಿ ಒಂಟಿ ಹೆಂಗಸು ಅಂತ ಇರೋದು ಒಬ್ಬಳೇ. ಅಂಚೆ ಹಂಚೋ ಲೈಲಾ."

"ಏನು ಹೇಳ್ತಿದೀರಿ?"

"ನಾನೇನು ಹೇಳಿದೆ? ಹಿಮ್ಮಡಿ ದುಂಡಗಿದೆ ಅಂದೆ. ದುರ್ಬೀನು ಹಾಕಿಸೋಕೆ ಅಂಗಡಿಗೆ ಹೋಗ್ತೀಯಲ್ಲ, ಕೋಟು ಹಾಕ್ಕೋತೀನಿ ಇರು, ನಾನೂ ಬರ್ತೀನಿ."

ಸೈಮಿ ಕೋವಿಯ ಚೀಲ ಹೆಗಲಿಗೇರಿಸಿ ಹೊರಗೆ ಬಂದಳು. ಮನೆ ಮುಂದಿನ ದೋಣಿಕಟ್ಟೆಯ ಮೇಲೆ ತಾವೆಟಿ ನಿಂತಿದ್ದ. ಆಚೆ ದಡದವನು, ಕಾರ್ಲೊನ ಮೀನು ಹಿಡಿಯುವ ಜೊತೆಗಾರ. ಆಳು ಮಾತ್ರ ಬಾಗಿಲಷ್ಟು ಅಗಲ. ಅವನು ವರ್ಷವಿಡೀ ಆಡುವ ಮಾತುಗಳನ್ನು ಬೆಂಕಿಪೊಟ್ಟಣದಲ್ಲಿ ತುಂಬಿದರೂ ಕಡ್ಡಿಗಳಿಗೆ ಜಾಗ ಉಳಿಯುತ್ತಿತ್ತು. ಶನಿವಾರ ಸಮಾಧಿಯ ಬಳಿಯೂ ಅವನು ಅವಳ ಪಕ್ಕಕ್ಕೆ ಬಂದು ಬಾಯಿ ತೆರೆದು, ಮುಚ್ಚಿ, ಮತ್ತೆ ಹಿಂದೆ ಸರಿದಿದ್ದ.

"ಸೈಮಿ," ಅಂದ.

"ತಾವೆಟಿ."

"ಅದೇ, ಆ... ಕಾರ್ಲೊ ನನ್ನ..."

ಸೈಮಿಗೆ ಹೆದರಿಕೆಯಾಯಿತು. ಕಾರ್ಲೊ ಇನ್ನಿಲ್ಲವೆಂದು ಯಾರಾದರೂ ಬಾಯಿಬಿಟ್ಟು ಹೇಳಿಬಿಟ್ಟರೆ ತಾನು ಅಲ್ಲೇ ಕುಸಿಯುತ್ತೇನೆ ಎಂಬ ಹೆದರಿಕೆ. "ಗೊತ್ತು," ಅಂದಳು ಬೇಗ ಬೇಗ. "ನಿನ್ನ ಗೆಳೆಯ. ನಿಂಗೂ ಕಷ್ಟಾನೇ."

"ಕಷ್ಟ ಹೌದು. ಆದ್ರೆ ನಾನು ಹೇಳೋಕೆ ಬಂದಿದ್ದು—"

"ಹೇಳಿದ ಹಾಗೇ ಆಯ್ತು ತಾವೆಟಿ." ಅವನ ಭುಜ ತಟ್ಟಲು ಒಂದು ಹೆಜ್ಜೆ ಮುಂದಿಟ್ಟಳು. ಹೆಂಗಸೊಬ್ಬಳು ತನ್ನತ್ತ ಬರುವುದು ಕಂಡು ತಾವೆಟಿ ಒಂದು ಹೆಜ್ಜೆ ಹಿಂದಿಟ್ಟ. ಹಿಂದೆ ಕಟ್ಟೆ ಮುಗಿದಿತ್ತು.

ಮೊಣಕಾಲಿನವರೆಗೆ ಅಕ್ಟೋಬರಿನ ತಣ್ಣೀರಲ್ಲಿ ನಿಂತು ಅವನು ಅವಳನ್ನೇ ನೋಡಿದ. ಕಣ್ಣಲ್ಲೂ ನೀರಿತ್ತು.

"ಪಾಪ," ಅಂದಳು ರೌಹಾ ಕಾರಿನೊಳಗಿನಿಂದ. "ಎಷ್ಟು ಹಚ್ಚಿಕೊಂಡಿದ್ದ ನೋಡು."

ಸೆಪ್ಪೊನ ಅಂಗಡಿಯಲ್ಲಿ ದನದ ಹಿಂಡಿ, ಗರಗಸದ ಸರಪಳಿ, ತೋಟಾ, ಏಲಕ್ಕಿ ಬನ್ನು ಎಲ್ಲ ಸಿಗುತ್ತದೆ. ಒಲೆಯ ಪಕ್ಕದಲ್ಲಿ ಒಂದು ಉದ್ದ ಮೇಜು. ಊರಿನ ಗಂಡಸರು ಅಲ್ಲಿ ಕಾಫಿ ಕುಡಿಯುತ್ತಾರೆ. ಅವಳು ಒಳಗೆ ಕಾಲಿಟ್ಟಾಗ ಮೇಜಿನ ಮೇಲೆ ಕಾಫಿಯ ಬದಲು ದುರ್ಬೀನುಗಳಿದ್ದವು. ಮೀನು ಸಂತೆಯಲ್ಲಿ ಜೋಡಿಸಿದ ಹಾಗೆ ಸಾಲಾಗಿ ಮಲಗಿದ್ದವು. ಎಲ್ಲರೂ ಎದ್ದು ನಿಂತರು. ಎಲ್ಲರೂ ಟೋಪಿ ತೆಗೆದರು.

ಆ ಊರಿನವರಿಗೆ ಸಂತಾಪ ಹೇಳಲು ಬಾರದು. ದುರ್ಬೀನಿನ ಬಗ್ಗೆ ಹೇಳಲು ಬರುತ್ತಿತ್ತು.

"ದೊಡ್ಡ ಗಾಜಿನದು ತಗೋ," ಎಂದ ಚರ್ಚಿನ ಗುಂಡಿ ತೋಡುವವನು. ಕಾರ್ಲೊನ ಗುಂಡಿಯನ್ನು ಶುಕ್ರವಾರ ತೋಡಿದವನೂ ಅವನೇ. "ಮಬ್ಬಲ್ಲಿ ಬೆಳಕು ಎಳ್ಕೊಳ್ಳುತ್ತೆ. ನನ್ನದು ಕೊಡ್ತೀನಿ, ಮುಂದಿನ ವರ್ಷ ಕೊಟ್ರೂ ಸರಿ."

"ಅದು ಬೇಡ, ಹೊರೆ," ಎಂದ ಟ್ರ್ಯಾಕ್ಟರ್ ರಿಪೇರಿಯವನು. "ಅದನ್ನ ಹೊತ್ರೆ ಕೋವಿ ಮೂಗು ನೆಲ ಮೂಸುತ್ತೆ. ಕೆಂಪು ಚುಕ್ಕಿದು ನೋಡು ಸೈಮಿ. ಚುಕ್ಕಿ ಇಡು, ಕುದುರೆ ಎಳಿ, ಮುಗೀತು."

"ಚುಕ್ಕಿನಂತೆ! ಬ್ಯಾಟರಿ ಸತ್ರೆ ಕಡವೆಗೆ ಕಾಯೋಕೆ ಹೇಳ್ತೀಯೇನೋ?" ಎಂದ ಉರ್ಹೊ. ಅವನೂ ಒಂದು ತಂದಿದ್ದ. ಅದರೊಳಗಿನ ಗೆರೆ ಒಂದು ಬದಿಗೆ ವಾಲಿದೆಯೆಂದು ಊರಿಗೆಲ್ಲ ಗೊತ್ತಿತ್ತು. "ನನ್ನದು ತಗೋಮ್ಮ. ಬಲಕ್ಕೆ ಒಂದು ಗೇಣು ಬಿಟ್ಟು ಹೊಡಿ, ಅಷ್ಟೇ."

"ನಿನ್ನ ಅಳಿಯನಿಗೆ ಕೊಡು ಅದನ್ನ," ಎಂದು ಸೆಪ್ಪೊ ಗಲ್ಲಾದ ಹಿಂದಿನಿಂದ ಹೊಸ ಪೆಟ್ಟಿಗೆಯೊಂದನ್ನು ತೆಗೆದ. ಅದನ್ನು ಅವನು ಎತ್ತಿ ಹಿಡಿದದ್ದು ಪಾದ್ರಿ ಮಗುವನ್ನು ಎತ್ತಿ ಹಿಡಿಯುವ ಹಾಗೆ. "ನಾನು ಸುಳ್ಳು ಹೇಳಲ್ಲ. ಇದರಲ್ಲಿ ನೋಡಿದ್ರೆ ಕಡವೆ ರೆಪ್ಪೆ ಎಣಿಸಬಹುದು."

ಸೈಮಿ ಕಾಲುಚೀಲವನ್ನು ಮೇಜಿನ ಮೇಲಿಟ್ಟು ದುರ್ಬೀನನ್ನು ಹೊರತೆಗೆದಳು. "ಇದನ್ನ ಹಾಕಿಕೊಡಿ ಸೆಪ್ಪೊ. ಕಾರ್ಲೊ ಆರಿಸಿಟ್ಟಿದ್ದು."

ಒಲೆಯಲ್ಲಿ ಕೊಳ್ಳಿ ಸಿಡಿದದ್ದು ಕೇಳಿಸಿತು. ಗಂಡಸರು ಒಬ್ಬೊಬ್ಬರಾಗಿ ಆ ದುರ್ಬೀನನ್ನು ಕೈಗೆ ತೆಗೆದುಕೊಂಡು, ಕಣ್ಣಿಟ್ಟು ನೋಡಿ, ಪಕ್ಕದವನಿಗೆ ಕೊಟ್ಟರು. ಚರ್ಚಿನಲ್ಲಿ ಕಾಣಿಕೆ ತಟ್ಟೆ ದಾಟಿಸುವ ಹಾಗಿತ್ತು.

"ಕಾರ್ಲೊಗೆ ಕಣ್ಣಿತ್ತು," ಎಂದ ಗುಂಡಿ ತೋಡುವವನು. ತಮ್ಮ ತಮ್ಮ ದುರ್ಬೀನುಗಳನ್ನು ಎಲ್ಲರೂ ಮೆಲ್ಲಗೆ ಕೋಟಿನೊಳಗೆ ಸೇರಿಸಿದರು.

"ನನ್ನ ಹತ್ರ ಕೊಂಡಿದ್ದಲ್ಲ," ಎಂದ ಸೆಪ್ಪೊ. ಅವನ ಮುಖ ಸಣ್ಣದಾಗಿತ್ತು. "ಪೇಟೆಲಿ ತಗೊಂಡಿರಬೇಕು. ಇರಲಿ. ಸತ್ತವರ ಮೇಲೆ ಯಾಕೆ ಕೋಪ."

ಅದೇ ಹೊತ್ತಿಗೆ ಬಾಗಿಲು ತೆರೆಯಿತು. ತಾವೆಟಿ ಬಂದ. ಒಂದೊಂದು ಹೆಜ್ಜೆಗೂ ಅವನ ಬೂಟು ಪಚಕ್ ಪಚಕ್ ಎನ್ನುತ್ತಿತ್ತು. ಸೆಪ್ಪೊ ಹಳೆಯ ದುರ್ಬೀನನ್ನು ಬಿಚ್ಚಿ, ಹೊಸದರ ಗಾಜನ್ನು ಸರಪಳಿ ಒರೆಸುವ ಬಟ್ಟೆಯಿಂದ ತಿಕ್ಕುತ್ತಿದ್ದ. ತಾವೆಟಿ ನೋಡಿದವನೇ "ಅಯ್ಯೋ" ಅಂದ.

"ಕೂತ್ಕೋ, ಕೂತ್ಕೋ," ಎಂದು ಎಲ್ಲರೂ ಜಾಗ ಬಿಟ್ಟರು. ಯಾರೋ ಕಾಫಿ ಕೊಟ್ಟರು. ಇನ್ಯಾರೋ ಬನ್ನು ಕೊಟ್ಟರು. ಸೆಪ್ಪೊ ದುರ್ಬೀನನ್ನು ಕೋವಿಗೆ ಹಿಡಿದಿಡುವ ಉಂಗುರಗಳ ತಿರುಪನ್ನು ಕಿರ್ರೆನ್ನುವವರೆಗೆ ಬಿಗಿ ಮಾಡಿದ. ಪ್ರತಿ ಸುತ್ತಿಗೂ ತಾವೆಟಿ ಕಣ್ಣು ಮುಚ್ಚಿಕೊಂಡ.

"ಸೆಪ್ಪೊ," ಅಂದ ಕೊನೆಗೆ, "ಆ ದುರ್ಬೀನು..."

"ಕಾರ್ಲೊದು," ಎಂದ ಉರ್ಹೊ ಅವನ ಬೆನ್ನಿಗೆ ಕೈಯಿಟ್ಟು. "ಗೊತ್ತಪ್ಪ. ಎಲ್ಲರಿಗೂ ಗೊತ್ತು. ಬನ್ನು ತಿನ್ನು."

ತಾವೆಟಿ ಬನ್ನು ತಿಂದ.

ದುರ್ಬೀನನ್ನು ಎಷ್ಟು ಮುಂದೆ ಕೂರಿಸಬೇಕು ಎಂಬ ಪ್ರಶ್ನೆ ಬಂದಾಗ ಮೇಜಿಗೆ ಮೇಜೇ ಎದ್ದು ಬಂತು. ಕಾರ್ಲೊನ ಕತ್ತು ಉದ್ದ ಎಂದ ಒಬ್ಬ. ಅವನು ಕೆನ್ನೆಯನ್ನು ಮುಂದಕ್ಕೆ ಚಾಚಿ ಹಿಡಿಯುತ್ತಿದ್ದ ಎಂದ ಇನ್ನೊಬ್ಬ. ಗುಂಡಿ ತೋಡುವವನು ಕೋವಿಯನ್ನು ಭುಜಕ್ಕಿಟ್ಟು, "ಹೀಗೆ, ನೋಡಿ, ಹೀಗೆ ಹಿಡೀತಿದ್ದ," ಎಂದು ತೋರಿಸಿದ. ಒಂದು ಕ್ಷಣ ಅವನು ನಿಜಕ್ಕೂ ಕಾರ್ಲೊನ ಹಾಗೇ ಕಂಡ. ಸೆಪ್ಪೊ ಆ ಅಳತೆಗೆ ಸರಿಯಾಗಿ ಕೂರಿಸಿದ. ಸೈಮಿ ಕಾರ್ಲೊನ ಭುಜದೆತ್ತರಕ್ಕೂ ಬಾರದ ಹೆಂಗಸು. ಅಳತೆ ಅವಳದು ಬೇಕೆಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ.

ಹಳೆಯ ದುರ್ಬೀನನ್ನು ಸೆಪ್ಪೊ ಗುಜರಿ ಡಬ್ಬಿಗೆ ಹಾಕಲು ಹೋದ. ಸೈಮಿ ಅದನ್ನು ತೆಗೆದು ಕೋಟಿನ ಜೇಬಿಗಿಳಿಸಿದಳು.

ಗುರಿಮೈದಾನಕ್ಕೆ ಹೋಗುವ ದಾರಿಯಲ್ಲಿ ರೌಹಾ ಖಾಲಿ ಕಾಲುಚೀಲವನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು.

"ಹೆಣಿಗೆ ಬಿಗಿಯಾಗಿದೆ," ಅಂದಳು. "ಮನಸ್ಸಿಟ್ಟು ಹೆಣೆದಿದ್ದು. ಸುಮ್ಮನೆ ಯಾರೂ ಇಷ್ಟು ಮನಸ್ಸಿಟ್ಟು ಹೆಣೆಯಲ್ಲ."

"ರೌಹಾ, ಸಾಕು."

"ಸರಿ ಸರಿ. ಲೈಲಾ ಶವಸಂಸ್ಕಾರಕ್ಕೆ ಬಂದಿದ್ಳಾ?"

"ಊರೇ ಬಂದಿತ್ತು."

"ಕೇಕು ತಂದಿದ್ಳಾ?"

ಸೈಮಿ ಗೇರ್ ಬದಲಿಸಿದಳು. ಲೈಲಾ ತಂದಿದ್ದಳು. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಅದೇ. ಬೆಳಿಗ್ಗೆ ತಿಂದದ್ದು ಅದನ್ನೇ.

ಗುರಿಮೈದಾನಕ್ಕೆ ಸೆಪ್ಪೊ ಅಂಗಡಿ ಮುಚ್ಚಿ ಬಂದಿದ್ದ. ಕಾಫಿ ಮೇಜಿನವರೆಲ್ಲ ಬಂದಿದ್ದರು. ತಾವೆಟಿಯೂ ಹಿಂದಿನಿಂದ ಪಚಕ್ ಪಚಕ್ ಎನ್ನುತ್ತಾ ಬಂದ. ಅಂಚಿನಲ್ಲಿ ಹಲಗೆ ಮಾಡಿನ ಕೆಳಗೆ ಬೆಂಕಿ ಉರಿಯುತ್ತಿತ್ತು. ಸಾಸೇಜು ಸುಡುವ ಕಡ್ಡಿಗಳನ್ನು ಆಗಲೇ ಚೂಪು ಮಾಡಿದ್ದರು. ಹಲಗೆಯಲ್ಲಿ ಕೊರೆದ ಕಡವೆ ದೂರದಲ್ಲಿ ನಿಂತಿತ್ತು.

ಪರೀಕ್ಷೆಗೆ ಮೊದಲು ಹೊಸ ದುರ್ಬೀನಿಗೆ ಗುರಿ ಹೊಂದಿಸಿಕೊಳ್ಳಲು ಸೈಮಿ ಕೋವಿಯನ್ನು ಭುಜಕ್ಕಿಟ್ಟಳು. ದುರ್ಬೀನಿನಲ್ಲಿ ಒಂದು ಕಪ್ಪು ಬಳೆ, ಬಳೆಯ ನಡುವೆ ಗುಂಡಿಯಷ್ಟು ಬೆಳಕು. ಕಾರ್ಲೊನ ಕಣ್ಣು ಇರಬೇಕಾದ ಜಾಗ ಇನ್ನೂ ಮುಂದೆ ಇತ್ತು. ಅವಳು ಕತ್ತು ಚಾಚಿದಳು. ಇನ್ನಷ್ಟು ಚಾಚಿದಳು. ಬೆಳಕು ಅಗಲವಾಯಿತು. ಕಡವೆಯ ಭುಜ ಪೂರ್ತಿ ಕಂಡಿತು. ಕುದುರೆ ಎಳೆದಳು.

ಗುಂಡು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಕೋವಿ ಹಿಂದಕ್ಕೆ ಒದೆಯಿತು. ದುರ್ಬೀನಿನ ಅಂಚು ಅವಳ ಹುಬ್ಬಿನ ಮೇಲೆ ಅರ್ಧಚಂದ್ರ ಬರೆಯಿತು.

ರಕ್ತ ಕಂಡದ್ದೇ ಊರಿನವರಿಗೆ ಜೀವ ಬಂತು. ಮೂರು ವಾರದಿಂದ ಏನು ಮಾಡಬೇಕೆಂದು ತಿಳಿಯದೆ ನಿಂತವರಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು. ಒಬ್ಬ ನೀರು ತಂದ. ಒಬ್ಬ ಪಟ್ಟಿ ತಂದ. ಗುಂಡಿ ತೋಡುವವನು ತನ್ನ ಶುಭ್ರವಾದ ಕರವಸ್ತ್ರ ಕೊಟ್ಟ. ಉರ್ಹೊ ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಾಯಿಗಳನ್ನು ಕರೆಯುವ ದನಿಯಲ್ಲೇ, "ಏನೂ ಆಗಿಲ್ಲ ಕೂಸೇ, ಏನೂ ಆಗಿಲ್ಲ!" ಎಂದು ಕಿರುಚಿದ. ಸೈಮಿ ಅಳತೊಡಗಿದಳು. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಚರ್ಚಿನಲ್ಲಿ ಅತ್ತಿರಲಿಲ್ಲ. ಈಗ ನಿಲ್ಲಿಸಲು ಆಗಲಿಲ್ಲ.

"ಗಾಯ ಅಷ್ಟು ದೊಡ್ಡದೇನಲ್ಲಮ್ಮ," ಎಂದ ಸೆಪ್ಪೊ ಗಾಬರಿಯಿಂದ.

"ಸುಮ್ಮನಿರೋ," ಅಂದಳು ರೌಹಾ. "ಅಳಲಿ."

ಅತ್ತು ಮುಗಿದ ಮೇಲೆ ಸೈಮಿ ಮೂಗು ಒರೆಸಿಕೊಂಡು ನೋಡಿದರೆ ತಾವೆಟಿ ಮುಂದೆ ನಿಂತಿದ್ದ. ಕೋವಿಯನ್ನೇ ನೋಡುತ್ತಿದ್ದ.

"ಸೈಮಿ, ಈ ದುರ್ಬೀನು..."

"ಗೊತ್ತು. ಮುಂದೆ ಕೂತಿದೆ. ನೀನು ಸರಿ ಮಾಡ್ತೀಯಾ ತಾವೆಟಿ?"

ತಾವೆಟಿ ಅವಳ ಹುಬ್ಬಿನ ಪಟ್ಟಿ ನೋಡಿದ. ಕೆಂಪಾದ ಕಣ್ಣು ನೋಡಿದ. ಬಾಯಿ ಮುಚ್ಚಿಕೊಂಡ. ಕೋವಿಯನ್ನು ಮಂಡಿಯ ಮೇಲಿಟ್ಟುಕೊಂಡು ತಿರುಪು ಸಡಿಲಿಸಿ, ದುರ್ಬೀನನ್ನು ಎರಡು ಬೆರಳಷ್ಟು ಹಿಂದಕ್ಕೆ ಸರಿಸಿ, ಅವಳ ಕಣ್ಣಿಗೆ ಹಿಡಿದು ನೋಡಿಸಿ, ಮತ್ತೆ ಕೂದಲೆಳೆಯಷ್ಟು ಸರಿಸಿದ. ಗಾಜನ್ನು ಅಂಗಿಯ ಒಳಬದಿಯಿಂದ ಒರೆಸಿದ. ಅಷ್ಟು ಮೆತ್ತಗೆ ಅವನು ಮೀನನ್ನೂ ಮುಟ್ಟುತ್ತಿರಲಿಲ್ಲ.

"ಇನ್ನು ಇದು ಅಲುಗಬಾರದು," ಎಂದು ಸೆಪ್ಪೊ ಜೇಬಿನಿಂದ ಸಣ್ಣ ಬಾಟಲಿ ತೆಗೆದು ಪ್ರತಿ ತಿರುಪಿಗೂ ಒಂದೊಂದು ಹನಿ ಅಂಟು ಬಿಟ್ಟು ಬಿಗಿದ. "ನನ್ನ ಅಂಟು. ಲೋಕ ಮುಳುಗಿದ್ರೂ ಬಿಡಲ್ಲ."

ತಾವೆಟಿ ಎದ್ದು ಬೆಂಕಿಯ ಕಡೆ ಹೋದ. ತೂರಾಡಿದ ಹಾಗಿತ್ತು.

ಸೈಮಿ ಗುರಿ ಹೊಂದಿಸಿಕೊಂಡಳು. ಆಮೇಲೆ ಪರೀಕ್ಷೆ. ನಾಲ್ಕು ಗುಂಡು. ನಾಲ್ಕೂ ಹಲಗೆ ಕಡವೆಯ ಭುಜದ ವೃತ್ತದೊಳಗೆ ಬಿದ್ದವು. ಒಂದು ಮಾತ್ರ ಅಂಚು ಕಚ್ಚಿಕೊಂಡಿತ್ತು. ಉರ್ಹೊ ಹಲಗೆಯ ತನಕ ಹೋಗಿ, ಬಗ್ಗಿ, ಆ ಅಂಚಿನ ತೂತನ್ನು ಬಹಳ ಹೊತ್ತು ಪರೀಕ್ಷಿಸಿದ. ತೂತು ಜಾಗ ಬದಲಿಸಲಿಲ್ಲ. ವಾಪಸ್ಸು ಬಂದು ಟೋಪಿ ತೆಗೆದ.

"ಬಂಡೆ ನಿನ್ನದು," ಅಂದ. "ಆ ದುರ್ಬೀನಿದ್ರೆ ಯಾರು ಬೇಕಾದ್ರೂ ಹೊಡೀಬಹುದು, ಅದು ಬೇರೆ ಮಾತು. ಕಾರ್ಲೊ ಒಳ್ಳೇದನ್ನೇ ಆರಿಸಿದ್ದ."

"ಹೌದು," ಅಂದಳು ಸೈಮಿ. ಮೂರು ವಾರದಲ್ಲಿ ಮೊದಲ ಸಲ ಅವಳಿಗೆ ಹಸಿವಾಯಿತು.

ಎಲ್ಲರೂ ಬೆಂಕಿಯ ಸುತ್ತ ಕೂತರು. ಸಾಸೇಜು ಸುಡತೊಡಗಿತು. ತಾವೆಟಿ ಒದ್ದೆ ಬೂಟು ಕಳಚಿ ಪಾದಗಳನ್ನು ಬೆಂಕಿಗೆ ಚಾಚಿದ್ದ. ರೌಹಾ ಕಾಫಿ ಬಗ್ಗಿಸುತ್ತಾ ಬಂದವಳು ಅವನ ಮುಂದೆ ಬಂದಾಗ ನಿಂತಳು. ಕಾಫಿ ಲೋಟ ತುಂಬಿ ಹೊರಗೆ ಚೆಲ್ಲಿದರೂ ಬಗ್ಗಿಸುತ್ತಲೇ ಇದ್ದಳು.

ತಾವೆಟಿಯ ಬಲಗಾಲಿಗೆ ಬೂದು ಬಣ್ಣದ ಉಣ್ಣೆ ಚೀಲವಿತ್ತು. ಅಂಚಿಗೆ ಕೆಂಪು ಪಟ್ಟಿ. ದುಂಡು ಹಿಮ್ಮಡಿ. ಎಡಗಾಲಿಗೆ ಇದ್ದದ್ದು ಅಂಗಡಿಯಿಂದ ತಂದ ನೀಲಿ ಚೀಲ, ಹೆಬ್ಬೆರಳಿನ ಬಳಿ ತೂತು.

"ತಾವೆಟಿ! ಈ ಕಾಲುಚೀಲ ಹೆಣೆದಿದ್ದು ಯಾರು?"

ತಾವೆಟಿ ಕಿವಿಯವರೆಗೆ ಕೆಂಪಾದ. ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಳ್ಳಲು ನೋಡಿದ. ಆ ಕಾಲನ್ನು ಬಚ್ಚಿಡುವಷ್ಟು ದೊಡ್ಡ ಬೆಂಚು ಅಲ್ಲಿರಲಿಲ್ಲ.

"ಲೈಲಾ ಅಲ್ವಾ? ಹೇಳು, ಲೈಲಾನೇ ಅಲ್ವಾ?"

"ನಾನೇ," ಅಂದ.

"ಏನು ನೀನೇ?"

"ನಾನೇ ಹೆಣೆಯೋದು. ಚಳಿಗಾಲದಲ್ಲಿ. ಅಮ್ಮ ಕಲಿಸಿದ್ದು."

ಸಾಸೇಜಿನ ಕೊಬ್ಬು ಬೆಂಕಿಗೆ ಬಿದ್ದು ಚುರ್ರೆಂದಿತು. ಗಂಡಸರು ತಮ್ಮ ತಮ್ಮ ಬೂಟುಗಳನ್ನು ನೋಡಿಕೊಂಡರು. ರೌಹಾ ಜೇಬಿನಿಂದ ಇನ್ನೊಂದು ಕಾಲುಚೀಲ ತೆಗೆದು ಅವನ ಕಾಲಿನ ಪಕ್ಕ ಹಿಡಿದಳು. ಅವಳಿ ಮಕ್ಕಳು.

"ಮತ್ತೆ ಇದರ ಜೋಡಿ ಕಾರ್ಲೊನ ಬೀರುಗೆ ಹೇಗೆ ಬಂತು?"

ತಾವೆಟಿ ಸೈಮಿಯ ಕಡೆ ನೋಡಿದ. ಬೆಳಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಕೊನೆಗೆ ಒಂದೇ ಉಸಿರಿಗೆ ಹೊರಬಂತು. "ಗಾಜಿಗೆ ಗೀರು ಬೀಳಬಾರದಲ್ಲ, ಅದಕ್ಕೆ ಕಾಲುಚೀಲದಲ್ಲಿ ಹಾಕಿ ಕೊಟ್ಟಿದ್ದೆ. ದುರ್ಬೀನು ನಂದು ಸೈಮಿ. ಕಾರ್ಲೊ ನೋಡಿ ಕೊಡ್ತೀನಿ ಅಂತ ತಗೊಂಡು ಹೋಗಿದ್ದ. ನಾನು ಹೇಳಬೇಕು ಅಂತ ಎಷ್ಟು ಸಲ... ನಂಗೂ ಶನಿವಾರ ಬೇಕಿತ್ತು. ನನ್ನ ಕೋವಿ ಬೋಳಾಗಿ ಕೂತಿದೆ."

ಅವನಿಗೆ ಬನ್ನು ಕೊಟ್ಟವರು ಬೆಂಕಿ ಕೆದಕಿದರು.

ಸೈಮಿ ಕೈಯಲ್ಲಿದ್ದ ಸಾಸೇಜನ್ನು ಕೆಳಗಿಟ್ಟಳು. "ಅವನಿಗೆ ಇದು ಬೇಕಿತ್ತು, ಅಲ್ವಾ? ಇಂಥದ್ದೇ ತಗೋಬೇಕು ಅಂತಿದ್ದನಾ?"

ತಾವೆಟಿ ಸುಳ್ಳು ಹೇಳಲು ಬಾರದ ಮನುಷ್ಯ. ಅಭ್ಯಾಸವಾಗುವಷ್ಟು ಮಾತೇ ಆಡಿದವನಲ್ಲ.

"ಇಲ್ಲ," ಅಂದ. "ಹಿಡಿಸಲಿಲ್ಲ ಅವನಿಗೆ. ಎರಡು ದಿನ ನೋಡಿ ಫೋನು ಮಾಡಿದ್ದ. ಇದರಲ್ಲಿ ಎಲ್ಲಾ ಹತ್ತಿರ ಬಂದುಬಿಡುತ್ತೆ ಕಣೋ, ಏನನ್ನ ನೋಡಿದ್ರೂ ಅದೊಂದೇ ಕಾಣುತ್ತೆ, ಸುತ್ತ ಏನಿದೆ ಗೊತ್ತಾಗಲ್ಲ ಅಂದ. ನನ್ನ ಹಾಲಿನ ಲೋಟಾನೇ ಇರಲಿ ಬಿಡು ಅಂದ. ಸೋಮವಾರ ತಂದುಕೊಡ್ತೀನಿ ಅಂದಿದ್ದ." ಒಂದು ಕ್ಷಣ ಬಿಟ್ಟು ಸೇರಿಸಿದ. "ಆ ಭಾನುವಾರಾನೇ..."

ಮುಂದಿನದು ಎಲ್ಲರಿಗೂ ಗೊತ್ತಿತ್ತು. ಆ ಭಾನುವಾರ ಕಾರ್ಲೊ ಸೌದೆ ಜೋಡಿಸುತ್ತಿದ್ದವನು ಸುಸ್ತೆಂದು ಕೂತ. ಮತ್ತೆ ಏಳಲಿಲ್ಲ.

"ಹೋಗಲಿ ಬಿಡು," ಎಂದ ತಾವೆಟಿ. "ಇಟ್ಕೋ. ನಿನ್ನ ಕಣ್ಣಿಗೆ ಸರಿಯಾಗಿ ಕೂತಿದೆ. ನಾನು ಈ ಸಲ ನಾಯಿಗಳ ಜೊತೆ ಹೋಗ್ತೀನಿ."

ಸೈಮಿ ಕೋವಿಯನ್ನು ಬರಿದು ಮಾಡಿ ಮಂಡಿಯ ಮೇಲೆ ಅಡ್ಡ ಇಟ್ಟುಕೊಂಡಳು. "ಸೆಪ್ಪೊ, ತಿರುಪುಳಿ ಕೊಡಿ."

"ಬಿಡಲ್ಲಮ್ಮ ಅದು," ಎಂದ ಸೆಪ್ಪೊ. ದನಿಯಲ್ಲಿ ದುಃಖವೂ ಹೆಮ್ಮೆಯೂ ಸಮಸಮವಾಗಿದ್ದವು. "ಹೇಳಿದ್ನಲ್ಲ, ನನ್ನ ಅಂಟು."

ಬಿಡಲಿಲ್ಲ. ಉರ್ಹೊ ತಿರುಗಿಸಿದ, ಟ್ರ್ಯಾಕ್ಟರಿನವನು ತಿರುಗಿಸಿದ. ಗುಂಡಿ ತೋಡುವವನು ಕೋವಿಯ ಹಿಡಿಯನ್ನು ಅಪ್ಪಿಕೊಂಡು ಕೂತ. ಕೊನೆಗೆ ತಿರುಪುಳಿಯ ಮೂತಿಯನ್ನು ಸಾಸೇಜಿನ ಪಕ್ಕ ಬೆಂಕಿಯಲ್ಲಿ ಕಾಯಿಸಿ, ಒಂದೊಂದು ತಿರುಪಿಗೂ ಒತ್ತಿ ಹಿಡಿದು, ಅಂಟು ಕರಗುವ ತನಕ ಕಾದರು. ತನ್ನ ಅಂಟನ್ನು ಬಿಡಿಸಲು ಎಲ್ಲರಿಗಿಂತ ಹೆಚ್ಚು ಬೆವರಿದವನು ಸೆಪ್ಪೊನೇ. ಒಂದೊಂದು ತಿರುಪು ಬಿಟ್ಟಾಗಲೂ ಅವನ ಮುಖದಲ್ಲಿ ಮನೆಯ ಹಸು ಮಾರಿದವನ ಕಳೆ.

ದುರ್ಬೀನು ಕೈಗೆ ಬಂತು. ಕೋವಿ ಬೋಳಾಯಿತು.

ಕ್ಷಣಹೊತ್ತು ಎಲ್ಲರೂ ಆ ಬೋಳು ಕೋವಿಯನ್ನು ನೋಡಿದರು. ಆಮೇಲೆ ಗುಂಡಿ ತೋಡುವವನು ಕೆಮ್ಮಿ, ಕೋಟಿನೊಳಗೆ ಕೈ ಹಾಕಿದ. "ನಾನು ಬೆಳಿಗ್ಗೇನೇ ಹೇಳಿದ್ದೆ. ದೊಡ್ಡ ಗಾಜು—"

"ಹೊರೆ!" ಎಂದ ಟ್ರ್ಯಾಕ್ಟರಿನವನು. "ಕೆಂಪು ಚುಕ್ಕಿ—"

"ಬಲಕ್ಕೆ ಒಂದು ಗೇಣು, ಅಷ್ಟೇ!" ಎಂದ ಉರ್ಹೊ.

ಸೆಪ್ಪೊ ಕಾರಿನಿಂದ ಪೆಟ್ಟಿಗೆ ತರಲು ಎದ್ದ.

ಸೈಮಿ ಆಗಲೇ ಆರಿಸಿಕೊಂಡಾಗಿತ್ತು. ಕೋಟಿನ ಜೇಬಿನಲ್ಲಿ ಅಜ್ಜನ ಹಳೆಯ ದುರ್ಬೀನು ಭಾರವಾಗಿ ತೂಗುತ್ತಿತ್ತು. ಹುಬ್ಬಿನ ಗಾಯ ಒಂದೇ ಸಮ ಮಿಡಿಯುತ್ತಿತ್ತು. ಅವಳು ರೌಹಾಳ ಕೈಯಿಂದ ಕಾಲುಚೀಲ ತೆಗೆದುಕೊಂಡು, ತಾವೆಟಿಯ ದುರ್ಬೀನನ್ನು ಅದರೊಳಗೆ ನಿಧಾನವಾಗಿ ಇಳಿಸಿ, ಕೆಂಪು ಪಟ್ಟಿಯ ಅಂಚನ್ನು ಮಡಚಿದಳು.

"ತಗೋ."

"ಶನಿವಾರ ಆದ್ಮೇಲೆ ಕೊಟ್ರೂ ನಡೆಯುತ್ತೆ ಸೈಮಿ."

"ಇವತ್ತು ಯಾವ ವಾರ?"

ತಾವೆಟಿ ಯೋಚಿಸಿದ. "ಸೋಮವಾರ."

"ಸೋಮವಾರ ಕೊಡ್ತೀನಿ ಅಂದಿದ್ದನಲ್ಲ," ಅಂದಳು ಸೈಮಿ. "ಕೊಟ್ಟಿದ್ದಾನೆ, ತಗೋ."

ತಾವೆಟಿ ಎರಡೂ ಕೈ ಚಾಚಿ ತೆಗೆದುಕೊಂಡ. ದುರ್ಬೀನನ್ನು ಕಾಲುಚೀಲದಿಂದ ಎಳೆದು ಕಂಕುಳಲ್ಲಿ ಇಟ್ಟುಕೊಂಡ. ಎಡಗಾಲಿನ ಒದ್ದೆ ನೀಲಿ ಚೀಲ ಕಳಚಿ, ತನ್ನ ದುಂಡು ಹಿಮ್ಮಡಿಯದನ್ನು ಏರಿಸಿದ. ಹಿಮ್ಮಡಿಯನ್ನು ಸರಿಯಾಗಿ ಕೂರಿಸಿಕೊಂಡು, ಎರಡೂ ಪಾದಗಳನ್ನು ಬೆಂಕಿಗೆ ಚಾಚಿದ.

"ಬೆಚ್ಚಗಿದೆ," ಅಂದ.